ಶಿಶುರಂಗದಲ್ಲಿ ಗೋದಲಿಯ ಕಥೆ

ಡಿಸೆಂಬರ್ ಮಾಸ ಸಮೀಪಿಸಿತೆಂದರೆ ಕನ್ನಡ ನಾಡಿನ ಪ್ರಾಥಮಿಕ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಂಭ್ರಮ ಮೊದಲಾಗುತ್ತದೆ. ಸಂಭ್ರಮವೇನೋ ಸಂತೋಷದ್ದೇ. ಆದರೆ ಆ ದಿನ ರಂಗದ ಮೇಲೆ ಮಕ್ಕಳ ಬಾಯಿಂದ ಏನು ಹೊರಡುತ್ತದೆ ಎಂಬುದನ್ನು ವಿಚಾರಿಸುವವರು ವಿರಳ. ಬಹುಮಟ್ಟಿಗೆ ಏನೂ ಹೊರಡುವುದಿಲ್ಲ. ಧ್ವನಿವರ್ಧಕದಲ್ಲಿ ಯಾರೋ ಹಿನ್ನೆಲೆ ಗಾಯಕರು ಹಾಡುತ್ತಾರೆ. ಮಕ್ಕಳು ಬಾಡಿಗೆಗೆ ತಂದ ಥಳಕಿನ ಉಡುಪು ತೊಟ್ಟು ಕೈಕಾಲು ಆಡಿಸುತ್ತಾರೆ. ಪಟ್ಟಣದ ಅನೇಕ ಶಾಲೆಗಳಲ್ಲಿ ಕ್ರಿಸ್ಮಸ್ ಹಬ್ಬದ ನಿಮಿತ್ತ ಕ್ರಿಸ್ತಜನನದ ಸಂಗೀತರೂಪಕವನ್ನು ಆಡಿಸುವ ರೂಢಿಯೂ ಉಂಟು. ಅಲ್ಲಿ ಮಕ್ಕಳು ಹಾಡುವುದೇನೋ ನಿಜ. ಆದರೆ ಹಾಡುವುದು ಇಂಗ್ಲಿಷಿನ ಗಿಳಿಪಾಠವನ್ನು. ಹಾಡುವ ಕೂಸಿಗೆ ಅದರ ಅರ್ಥ ತಿಳಿಯದು. ಮುಂದೆ ಕುಳಿತು ಕಣ್ಣರಳಿಸಿ ನೋಡುವ ತಾಯಿಗಂತೂ ತಿಳಿಯದು.

ಇಂತಹ ರೂಪಕವನ್ನು ರಾವಂದೂರಿನಂತಹ ಊರಿನಲ್ಲಿ, ಅದರಲ್ಲಿಯೂ ಮಠದ ಆಶ್ರಯದಲ್ಲಿ ನಡೆಯುವ ಶಾಲೆಯಲ್ಲಿ, ಆಡಿಸಬಹುದೆ ಎಂದು ಯಾರಾದರೂ ಕೇಳಿದರೆ ಹುಬ್ಬೇರಿಸುವವರು ಇರಬಹುದು. ಆಡಿಸಬಹುದು ಎಂಬುದೇ ಇಲ್ಲಿನ ಪಕ್ಷ. ಆದರೆ ಕನ್ನಡದಲ್ಲಿ ಆಡಿಸಬೇಕು, ಮಕ್ಕಳ ಸ್ವಂತ ಕಂಠದಲ್ಲಿ ಆಡಿಸಬೇಕು, ಪೂಜೆಯಾಗಿ ಅಲ್ಲ, ಕಥೆಯಾಗಿ ಆಡಿಸಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಆಡಿಸದಿರುವುದೇ ಲೇಸು.

ಮೊದಲು ಕಥೆಯ ಮಾತು. ಕ್ರೈಸ್ತರ ಪವಿತ್ರ ಗ್ರಂಥದಲ್ಲಿ ಲೂಕನ ಮತ್ತು ಮತ್ತಾಯನ ಸುವಾರ್ತೆಗಳು ಮಾತ್ರ ಕ್ರಿಸ್ತಜನನವನ್ನು ಹೇಳುತ್ತವೆ. ಔಗುಸ್ತ ಚಕ್ರವರ್ತಿಯ ಖಾನೇಷುಮಾರಿಗಾಗಿ ಯೋಸೇಫನು ತುಂಬು ಗರ್ಭಿಣಿಯಾದ ಮರಿಯಳೊಡನೆ ನಜರೇತಿನಿಂದ ಬೆತ್ಲೆಹೇಮಿಗೆ ಬಂದದ್ದು, ಅಲ್ಲಿ ತಂಗಲು ಸ್ಥಳ ದೊರೆಯದೆ ಹೋದದ್ದು, ಹೊಲದಲ್ಲಿ ಇರುಳು ಕುರಿ ಕಾಯುತ್ತಿದ್ದವರಿಗೆ ದೇವದೂತನು ವಾರ್ತೆ ತಿಳಿಸಿದ್ದು ಲೂಕನ ಭಾಗ. ಮೂಡಣ ದೇಶದ ಜೋಯಿಸರು ನಕ್ಷತ್ರವನ್ನು ಕಂಡು ಚಿನ್ನ, ಧೂಪ, ರಕ್ತಬೋಳಗಳನ್ನು ತಂದದ್ದು, ಹೆರೋದ ರಾಜನ ಕ್ರೌರ್ಯ ಇವು ಮತ್ತಾಯನ ಭಾಗ. ಜೋಯಿಸರು ಮೂವರೆಂದು ಮತ್ತಾಯನು ಹೇಳಿಲ್ಲ. ಕಾಣಿಕೆಗಳು ಮೂರಾದುದರಿಂದ ತಂದವರೂ ಮೂವರೆಂದು ಜನ ಎಣಿಸಿಕೊಂಡರು. ಛತ್ರದ ಒಡೆಯನೆಂಬ ಪಾತ್ರ ಲೂಕನಲ್ಲಿ ಇಲ್ಲವೇ ಇಲ್ಲ. ಎತ್ತು, ಕತ್ತೆಗಳ ಪ್ರಸ್ತಾಪವೂ ಆ ಸಂದರ್ಭದಲ್ಲಿ ಇಲ್ಲ. ಆದರೆ ಇಂದು ಮಕ್ಕಳು ಈ ರೂಪಕದಲ್ಲಿ ತಮಗೆ ಬೇಕೆಂದು ಹಟ ಹಿಡಿಯುವುದು ಈ ಪಾತ್ರಗಳಿಗಾಗಿಯೇ! ಶಾಸ್ತ್ರವು ಬಿಟ್ಟ ತೆರಪನ್ನು ಜನಪದವು ತುಂಬಿಕೊಂಡಿತು. ಯಕ್ಷಗಾನದ ಹನುಮನಾಯಕನನ್ನೋ ಬಯಲಾಟದ ಸಾರಥಿಯನ್ನೋ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ.

ಈ ಕಥೆಯನ್ನು ಕಣ್ಣಿಗೆ ಕಾಣುವಂತೆ ಮಾಡಬೇಕೆಂಬ ಬಯಕೆ ಹಳೆಯದು. ಇಟಲಿಯ ಗ್ರೆಚ್ಚೊ ಎಂಬ ಗ್ರಾಮದಲ್ಲಿ 1223ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸನು ಹುಲ್ಲು ತುಂಬಿದ ಗೋದಲಿಯನ್ನು ಇರಿಸಿ, ಜೀವಂತ ಎತ್ತು ಕತ್ತೆಗಳನ್ನು ತಂದು ನಿಲ್ಲಿಸಿ, ಹಳ್ಳಿಗರ ಮುಂದೆ ಆ ಇರುಳನ್ನು ಮತ್ತೆ ಕಟ್ಟಿದನು. ಬಡತನವನ್ನೇ ವ್ರತವಾಗಿ ಹಿಡಿದ ಸಂತನಿಗೆ ಆ ಕಥೆಯಲ್ಲಿ ಕಂಡದ್ದು ಬಡತನವೇ. ಇಂದಿನ ಶಾಲೆಗಳ ರೂಪಕಗಳಲ್ಲಿ ಆ ಬಡತನವನ್ನು ಜರತಾರಿಯ ಬಟ್ಟೆಗಳಲ್ಲಿ ಮುಚ್ಚಿಡುವ ವಿಚಿತ್ರವನ್ನು ನೆನೆದರೆ ನಗೆ ಬರುತ್ತದೆ.

ಗೋದಲಿ ಎಂಬ ಶಬ್ದದ ಬಳಿ ತುಸು ನಿಲ್ಲುವುದು ಯುಕ್ತ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮೊದಲಾದವರು ಸಂಪೂರ್ಣ ಬೈಬಲನ್ನು ಕನ್ನಡಕ್ಕೆ ತಂದದ್ದು 1831ರ ವೇಳೆಗೆ. ಕನ್ನಡ ಬೈಬಲಿನ ಭಾಷೆಯನ್ನು ಪಂಡಿತರು ಹಾಸ್ಯ ಮಾಡಿದ್ದುಂಟು. ಅದರ ವಾಕ್ಯಸರಣಿ ಎಷ್ಟೋ ಕಡೆ ಕನ್ನಡದ ಜಾಯಮಾನಕ್ಕೆ ಒಗ್ಗದು ಎಂಬುದೂ ದಿಟ. ಆದರೆ ಕೃಷಿಕರ ಮನೆಯ ಶಬ್ದ ಬೇಕಾದ ಕಡೆಗಳಲ್ಲಿ ಅದು ಎಡವಿಲ್ಲ. ದನಕ್ಕೆ ಮೇವು ಹಾಕುವ ತಾಣಕ್ಕೆ ಅದು ಗೋದಲಿ ಎಂದಿತು. ತಂಗುದಾಣಕ್ಕೆ ಛತ್ರ ಎಂದಿತು. ನಕ್ಷತ್ರ ನೋಡಿ ನಡೆದ ಜ್ಞಾನಿಗಳಿಗೆ ಜೋಯಿಸರು ಎಂದಿತು. ಉತ್ತರದ ಸೀಮೆಯವರು ಗ್ವಾದಲಿ ಎನ್ನುವುದನ್ನು ಮೈಸೂರು ಸೀಮೆಯ ಒಕ್ಕಲಿನವರು ಗೊಂತು ಎನ್ನುತ್ತಾರೆ. ರಾವಂದೂರಿನ ಮಗುವಿಗೆ ಗೊಂತು ಎಂದರೆ ಚಿತ್ರ ತೋರಿಸಿ ವಿವರಿಸಬೇಕಾಗಿಲ್ಲ. ಪಿರಿಯಾಪಟ್ಟಣದ ಸೀಮೆಯಲ್ಲಿ ಹೊಗೆಸೊಪ್ಪು ಬಂದು ಬೇಸಾಯದ ರೀತಿ ಮಾರ್ಪಟ್ಟಿದ್ದರೂ, ಕೊಟ್ಟಿಗೆಯಿರುವ ಮನೆಗಳು ಉಳಿದಿವೆ. ಚುಂಚನಕಟ್ಟೆಯ ದನಗಳ ಜಾತ್ರೆಯ ಹೆಸರು ಮಾಸಿಲ್ಲ. ಡಿಸೆಂಬರಿನಲ್ಲಿ ರಾಗಿಯ ಕೊಯ್ಲು ಮುಗಿದು ಹುಲ್ಲು ಮೆದೆಗೆ ಸೇರಿರುತ್ತದೆ. ಹಿಮ ಬೀಳುವ ದೇಶದ ಶಾಲೆಗಳು ಕಾಗದದಿಂದಲೂ ಹತ್ತಿಯಿಂದಲೂ ಕಷ್ಟಪಟ್ಟು ಕಲ್ಪಿಸಬೇಕಾದ ದೃಶ್ಯಕ್ಕೆ ಬೇಕಾದ ಸಾಮಗ್ರಿ ಇಲ್ಲಿ ಹಿತ್ತಿಲಲ್ಲಿಯೇ ಇದೆ. ಕುರಿಗಾಹಿಯ ಪಾತ್ರಕ್ಕೆ ಒಂದು ಕರಿಕಂಬಳಿ, ಒಂದು ಕೋಲು. ಹೀಗಿದ್ದೂ ಹತ್ತಿಯ ಹಿಮವನ್ನು ರಂಗದ ಮೇಲೆ ಉದುರಿಸುವುದು ಅನುಕರಣೆಯ ಅತಿರೇಕ. ಬೆತ್ಲೆಹೇಮಿನ ಕಥೆಯಲ್ಲಿ ಹಿಮದ ಮಾತೇ ಇಲ್ಲ.

ಇನ್ನು ಛತ್ರದ ಪ್ರಸಂಗ. ಸ್ಥಳವಿಲ್ಲ ಎಂಬ ಒಂದು ಮಾತಿನ ಸುತ್ತ ಇಡೀ ರೂಪಕ ಸುತ್ತುತ್ತದೆ. ಹಗಲೆಲ್ಲ ನಡೆದು ದಣಿದ ಗರ್ಭಿಣಿಯೊಬ್ಬಳು ಬಾಗಿಲಲ್ಲಿ ನಿಂತಿದ್ದಾಳೆ. ಒಳಗಿನವನು ಬಾಗಿಲು ಹಾಕಿಕೊಳ್ಳುತ್ತಾನೆ. ಎಂಟು ವರ್ಷದ ಹುಡುಗನಿಗೆ ಈ ಪಾತ್ರವನ್ನು ಕೊಟ್ಟಾಗ ಅವನು ಆ ಮಾತನ್ನು ನಿಜವಾಗಿ ಆಡಬೇಕು, ಆಡಿ ಬಾಗಿಲು ಹಾಕಬೇಕು. ದಾಸೋಹದ ಸಂಪ್ರದಾಯವುಳ್ಳ ಮಠಗಳ ನೆರಳಿನಲ್ಲಿ ಬೆಳೆದ ಮಕ್ಕಳಿಗೆ ಈ ಮಾತು ಸುಲಭವಾಗಿ ನಾಲಗೆಗೆ ಬರಲಾರದು, ಬರಬಾರದು ಕೂಡ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳವರು 2019ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ಜಾತಿಮತಗಳನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ಇತ್ತರು. ಅಲ್ಲಿ ಸ್ಥಳವಿಲ್ಲ ಎಂಬ ಮಾತಿಗೆ ಸ್ಥಳವಿರಲಿಲ್ಲ. ಬಂದವನನ್ನು ಹೊರಗಿನವನೆಂದು ಎಣಿಸಬೇಡವೆಂದು ಬಸವಣ್ಣನವರ ವಚನವನ್ನು ಕಂಠಪಾಠ ಮಾಡಿದ ಹುಡುಗನು, ರಂಗದ ಮೇಲೆ ಬಾಗಿಲು ಹಾಕುವವನ ಪಾತ್ರವಹಿಸಿದಾಗ, ವಚನದ ಅರ್ಥವು ಹತ್ತು ಭಾಷಣಗಳಿಂದ ಆಗದಷ್ಟು ಅವನಿಗೆ ಆಗಬಹುದು. ಆದ್ದರಿಂದ ಈ ಪಾತ್ರವನ್ನು ನಗೆಗೀಡಾಗುವ ವಿದೂಷಕನನ್ನಾಗಿ ಮಾಡುವ ಅಭ್ಯಾಸ ಸಲ್ಲದು. ಅವನು ದುಷ್ಟನೂ ಅಲ್ಲ. ಛತ್ರ ತುಂಬಿತ್ತು, ಅಷ್ಟೆ. ಆ ಅಷ್ಟೆ ಎಂಬುದರಲ್ಲಿಯೇ ಕಥೆಯ ಕೊರಗೆಲ್ಲ ಇದೆ.

ಈಗ ಹಾಡಿನ ವಿಚಾರ. ಇಲ್ಲಿ ಕನ್ನಡ ಉಪಾಧ್ಯಾಯರ ಹೊಣೆ ಹೆಚ್ಚಿನದು. ಇಂಗ್ಲಿಷಿನ ಕ್ರಿಸ್ಮಸ್ ಹಾಡುಗಳ ಮಟ್ಟುಗಳಿಗೆ ಕನ್ನಡದ ಮಾತುಗಳನ್ನು ಹೊಂದಿಸಿಬಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯುವವರು ಉಂಟು. ಅದು ತಪ್ಪು ತಿಳಿವಳಿಕೆ. ಇಂಗ್ಲಿಷಿನ ಪದ್ಯಕ್ಕೆ ಉಚ್ಚಾರಣೆಯ ಒತ್ತು ಆಧಾರ. ಕನ್ನಡದ ಪದ್ಯಕ್ಕೆ ಮಾತ್ರೆ ಆಧಾರ. ಕನ್ನಡದಲ್ಲಿ ಲಘುವನ್ನು ಗುರುವಾಗಿ ಎಳೆದರೆ ಕಿವಿಗೆ ಕಷ್ಟವಾಗುವುದು ಮಾತ್ರವಲ್ಲ, ಅರ್ಥವೇ ಬೇರೆಯಾಗುತ್ತದೆ. ಮಟ್ಟಿನ ದೀರ್ಘಸ್ವರದ ಮೇಲೆ ಮಗು ಎಂಬ ಶಬ್ದ ಬಿದ್ದರೆ ಅದು ಮಾಗು ಆಗುತ್ತದೆ; ಹಸು ಹಾಸಾಗುತ್ತದೆ; ಕುರಿ ಕೂರಿಯಾಗುತ್ತದೆ. ಹಸುವಿನ ಬಳಿ ಮಲಗಿದ ಮಗುವನ್ನು ಹಾಡಹೊರಟ ಕೂಸು ಹಾಸಿನ ಬಳಿ ಮಾಗುವ ಯಾವುದನ್ನೋ ಹಾಡಿ ಬರುತ್ತದೆ. ಕೇಳಿದ ತಾಯಂದಿರು ಸುಮ್ಮನಿರುತ್ತಾರೆ, ಅದು ಶಾಲೆಯ ಕನ್ನಡವಿರಬೇಕು ಎಂದುಕೊಂಡು. ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ, ಇವೆರಡರ ನಡೆಯಲ್ಲಿ ಬರೆದ ಪದ್ಯವನ್ನು ಕನ್ನಡದ ಮಗು ಯಾರೂ ಕಲಿಸದೆಯೇ ತಾಳಕ್ಕೆ ಹೊಂದಿಸಿಕೊಳ್ಳುತ್ತದೆ. ಆದಿಪ್ರಾಸವಿದ್ದರೆ ಮುಂದಿನ ಸಾಲು ತಾನಾಗಿ ನೆನಪಿಗೆ ಬರುತ್ತದೆ. ಹಳಬರು ಪ್ರಾಸವನ್ನು ಇಟ್ಟುಕೊಂಡದ್ದು ಅಲಂಕಾರಕ್ಕಾಗಿ ಮಾತ್ರವಲ್ಲ, ಜ್ಞಾಪಕಕ್ಕಾಗಿಯೂ ಹೌದು.

ಈ ಮರ್ಮವನ್ನು ಮೊದಲೇ ಅರಿತಿದ್ದವರಲ್ಲಿ ಒಬ್ಬರು ಜರ್ಮನ್ ದೇಶದ ಪಾದ್ರಿ ಎಂಬುದನ್ನು ಇಲ್ಲಿ ಸ್ಮರಿಸಬೇಕು. ಫರ್ಡಿನೆಂಡ್ ಕಿಟ್ಟೆಲ್ ಅವರು 1853ರಲ್ಲಿ ಬಾಸೆಲ್ ಮಿಷನ್ನಿನ ಪರವಾಗಿ ಕನ್ನಡ ನಾಡಿಗೆ ಬಂದರು. 1894ರಲ್ಲಿ ಪ್ರಕಟವಾದ ಅವರ ಮಹಾಕೋಶವನ್ನು ಅರಿಯದ ಕನ್ನಡ ಉಪಾಧ್ಯಾಯರಿಲ್ಲ. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ ಅವರ ಶ್ರಮವೂ ವಿದ್ವತ್ತರಗತಿಗಳಲ್ಲಿ ಓದಿದವರಿಗೆ ಗೊತ್ತು. ಇವೆಲ್ಲಕ್ಕೂ ಮೊದಲು, 1862ರಲ್ಲಿ, ಅವರು ಕ್ರಿಸ್ತನ ಚರಿತ್ರೆಯನ್ನು ಕಥಾಮಾಲೆ ಎಂಬ ಹೆಸರಿನಲ್ಲಿ ಕನ್ನಡದ ಪದ್ಯಬಂಧದಲ್ಲಿಯೇ ರಚಿಸಿದ್ದರು. ತಮ್ಮ ದೇಶದ ಮಟ್ಟುಗಳನ್ನು ಈ ನಾಡಿನ ನಾಲಗೆಯ ಮೇಲೆ ಹೇರದೆ, ಈ ನಾಡಿನ ಧಾಟಿಯನ್ನು ತಾವು ಕಲಿತರು. ಹೊರಗಿನಿಂದ ಬಂದು, ಸ್ವಮತವನ್ನು ಹೇಳಲೆಂದೇ ಕೂತವರು ಕನ್ನಡದ ಛಂದಸ್ಸನ್ನು ಗೌರವಿಸಿದರು. ಕನ್ನಡದಲ್ಲಿಯೇ ಹುಟ್ಟಿದವರ ಶಾಲೆಗಳು ನೂರೈವತ್ತು ವರ್ಷಗಳ ತರುವಾಯ ಆ ಗೌರವವನ್ನು ತೋರಲಾರವೆ? ಮಂಜೇಶ್ವರದ ಗೋವಿಂದ ಪೈಗಳು ಕ್ರಿಸ್ತನ ಕೊನೆಯ ದಿನವನ್ನು ಗೊಲ್ಗೊಥಾ ಎಂಬ ಖಂಡಕಾವ್ಯದಲ್ಲಿ ನಿರೂಪಿಸಿದಾಗ ಕನ್ನಡದ ಪ್ರೌಢ ಶೈಲಿಯೇ ಅವರಿಗೆ ಸಾಕಾಯಿತು. ಶಿಲುಬೆಯ ದಿನಕ್ಕೆ ಮಹಾಕವಿಯೊಬ್ಬರು ದೊರೆತರು. ಗೋದಲಿಯ ಇರುಳಿಗೆ ಮಕ್ಕಳ ಕವಿಯೊಬ್ಬರು ಸಾಕು.

ಹಾಡು ಎಷ್ಟು ಸರಳವಾಗಿರಬೇಕು ಎಂಬುದಕ್ಕೆ ಆಸ್ಟ್ರಿಯ ದೇಶದ ನಿದರ್ಶನವೊಂದಿದೆ. ಇಂದು ಜಗತ್ತಿನಾದ್ಯಂತ ಕ್ರಿಸ್ಮಸ್ ಇರುಳಿನಲ್ಲಿ ಹಾಡುವ, ಪ್ರಶಾಂತ ರಾತ್ರಿಯನ್ನು ಕುರಿತ ಗೀತೆಗೆ ಸ್ವರ ಸಂಯೋಜಿಸಿದವನು ಫ್ರಾನ್ಸ್ ಗ್ರೂಬರ್ ಎಂಬ ಹಳ್ಳಿಯ ಉಪಾಧ್ಯಾಯ. ಮಾತು ಯೋಸೆಫ್ ಮೋರ್ ಎಂಬ ಕಿರಿಯ ಪಾದ್ರಿಯದು. 1818ರ ಡಿಸೆಂಬರ್ 24ರ ರಾತ್ರಿ ಓಬರ್ನ್‌ಡಾರ್ಫ್ ಎಂಬ ಊರಿನ ಚರ್ಚಿನಲ್ಲಿ ಅವರಿಬ್ಬರೂ ಒಂದು ಗಿಟಾರಿನ ಶ್ರುತಿಗೆ ಅದನ್ನು ಮೊದಲು ಹಾಡಿದರು. ಎರಡು ಕಂಠ, ಒಂದು ವಾದ್ಯ. ಸಾವಿರಾರು ರೂಪಾಯಿ ತೆತ್ತು ಧ್ವನಿಮುದ್ರಿತ ಹಿನ್ನೆಲೆಯನ್ನು ಕೊಳ್ಳುವ ಶಾಲೆಗಳು ಇದನ್ನು ಮನನ ಮಾಡಬೇಕು. ಅದೂ ಮೂಲತಃ ಜೋಗುಳದ ನಡೆಯದೇ. ಕ್ರಿಸ್ತಜನನದ ರೂಪಕದ ಹೃದಯವೇ ಒಂದು ಜೋಗುಳ. ಜೋಗುಳಕ್ಕೆ ಕನ್ನಡ ನಾಡು ಬಡವಾಗಿದೆಯೆ? ನೀಲಾಂಬರಿ ರಾಗ ಜೋಗುಳಕ್ಕೆ ಪ್ರಸಿದ್ಧವಾದರೂ ಅದರ ವಕ್ರಸಂಚಾರ ಎಳೆಯ ಕಂಠಕ್ಕೆ ತೊಡಕಾದೀತು. ಹಳ್ಳಿಯ ತಾಯಿ ತೊಟ್ಟಿಲು ತೂಗುವಾಗ ಹಾಡುವ ಧಾಟಿಯೇ ಸಾಕು, ಅದೇ ಮೇಲು. ಆರೇಳು ವರ್ಷದ ಮಗುವಿನ ಕಂಠ ಒಂದು ಸ್ಥಾಯಿಯ ಆಚೆಗೆ ಸುಲಭವಾಗಿ ಹೋಗಲಾರದು. ಕುರಿಗಾಹಿಗಳಿಗೆ ಕೋಲಾಟದ ಮಟ್ಟು, ಜೋಯಿಸರ ಪ್ರಯಾಣಕ್ಕೆ ಮೋಹನ ರಾಗದ ನಡಿಗೆಯ ಹಾಡು. ಮೈಸೂರಿನಲ್ಲಿ 1989ರಲ್ಲಿ ರಂಗಾಯಣವನ್ನು ಕಟ್ಟಿದ ಬಿ.ವಿ. ಕಾರಂತರು ಕೈಗೆ ಸಿಕ್ಕಿದ ವಸ್ತುಗಳಿಂದಲೇ ನಾದವನ್ನು ಹೊರಡಿಸುತ್ತಿದ್ದ ಬಗೆಯನ್ನು ರಂಗಾಸಕ್ತರು ಇನ್ನೂ ಕೊಂಡಾಡುತ್ತಾರೆ. ಎರಡು ತೆಂಗಿನ ಚಿಪ್ಪುಗಳನ್ನು ತಟ್ಟಿದರೆ ಮರಿಯಳನ್ನು ಹೊತ್ತ ಕತ್ತೆ ನಡೆಯತೊಡಗುತ್ತದೆ.

ಆಕ್ಷೇಪಗಳನ್ನು ಮರೆಮಾಚಬೇಕಾಗಿಲ್ಲ. ಅನ್ಯಮತದ ದೇವರ ಕಥೆ ಮಠದ ಅಂಗಳದಲ್ಲಿ ಏಕೆ ಎಂಬುದು ಮೊದಲನೆಯದು. ಕಥೆ ಹೊರಗಿನದು ಎಂಬ ಕಾರಣ ನಿಲ್ಲಲಾರದು. ಕುವೆಂಪು ಅವರ ಕಿಂದರಿಜೋಗಿಯ ಮೂಲ ಜರ್ಮನಿಯ ಹಾಮೆಲಿನ್ ಪಟ್ಟಣದ್ದು, ಬ್ರೌನಿಂಗ್ ಕವಿಯ ಮೂಲಕ ಬಂದದ್ದು; ಬೊಮ್ಮನಹಳ್ಳಿಯ ಇಲಿಗಳನ್ನು ಇಂದು ಯಾರೂ ಪರದೇಶದವೆನ್ನುವುದಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ಕನ್ನಡಿಸಿದ ‘ಕರುಣಾಳು ಬಾ ಬೆಳಕೆ’ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆಯಾಗಿದೆ. ಅದು 1833ರಲ್ಲಿ ಕಡಲಯಾನದ ನಡುವೆ ನ್ಯೂಮನ್ ಎಂಬ ಕ್ರೈಸ್ತ ಗುರು ಬರೆದ ಪ್ರಾರ್ಥನೆ. ಭಾಷೆ ಕನ್ನಡವಾದ ಕೂಡಲೇ ಪರಕೀಯತೆ ಕರಗಿತು.

ಮತದ ಶಂಕೆ ಮಾತ್ರ ಇನ್ನಷ್ಟು ಗಂಭೀರವಾದುದು. ಅದಕ್ಕೆ ಮೆದುಮಾತಿನ ಉತ್ತರ ಸಾಲದು. ಭಾರತದ ಸಂವಿಧಾನದ 28ನೆಯ ವಿಧಿಯು ಮಾನ್ಯತೆ ಅಥವಾ ಸರಕಾರದ ಅನುದಾನ ಪಡೆದ ಶಾಲೆಯಲ್ಲಿ ಯಾವ ಮಗುವನ್ನೂ ಪೋಷಕರ ಸಮ್ಮತಿಯಿಲ್ಲದೆ ಮತಬೋಧನೆಗಾಗಲಿ ಪೂಜೆಗಾಗಲಿ ತೊಡಗಿಸಕೂಡದೆಂದು ವಿಧಿಸಿದೆ. ಕ್ರೈಸ್ತರ ಶಾಲೆಗೂ ಅದೇ ವಿಧಿ, ಮಠದ ಶಾಲೆಗೂ ಅದೇ. ಆದ್ದರಿಂದ ರೂಪಕವು ರೂಪಕವಾಗಿಯೇ ಇರಬೇಕು. ಗೋದಲಿಗೆ ಕೈಮುಗಿಸುವುದು ಬೇಡ, ಮಂಗಳಾರತಿಯೂ ಬೇಡ. ರಂಗದ ಮೇಲೆ ಯಾವ ದೇವರು ಬಂದರೂ ಆರತಿ ಎತ್ತಿಬಿಡುವ ಚಪಲ ಕೆಲವರಿಗೆ ಇರುತ್ತದೆ. ಅದನ್ನು ಇಲ್ಲಿ ತಡೆಯಬೇಕು. ಪೋಷಕರಿಗೆ ಮೊದಲೇ ತಿಳಿಸಬೇಕು. ಬೇಡವೆಂದವರ ಮಗುವನ್ನು ಒತ್ತಾಯಿಸಬಾರದು, ಹಂಗಿಸಲೂಬಾರದು. ಇನ್ನೊಂದು ಕಡೆ, ಬೇರೆಯವರ ಶ್ರದ್ಧೆಯ ಕಥೆಯನ್ನು ಆಡುವಾಗ ಅದನ್ನು ತಮ್ಮ ಇಷ್ಟಕ್ಕೆ ತಿರುಚುವ ಹಕ್ಕು ಯಾರಿಗೂ ಇಲ್ಲ. ಕಿಂದರಿಜೋಗಿಯನ್ನು ಬೊಮ್ಮನಹಳ್ಳಿಗೆ ಕರೆತಂದಂತೆ ಮರಿಯಳನ್ನು ರಾವಂದೂರಿಗೆ ಕರೆತರಬೇಕಾಗಿಲ್ಲ. ಬೆತ್ಲೆಹೇಮು ಬೆತ್ಲೆಹೇಮಾಗಿಯೇ ಇರಲಿ, ಮಾತು ಕನ್ನಡವಾಗಲಿ. ಹೆರೋದನನ್ನು ಕಂಡ ಮಕ್ಕಳು ಕಂಸನನ್ನು ನೆನೆದೇ ನೆನೆಯುತ್ತಾರೆ. ಆ ಹೋಲಿಕೆಯನ್ನು ಅವರೇ ಕಂಡುಕೊಳ್ಳಲಿ, ಉಪಾಧ್ಯಾಯರು ಒಂದರ ಮೇಲೊಂದನ್ನು ಅಂಟಿಸಲು ಹೋಗಬಾರದು. ಶಿಶುವಧೆಯ ಭಾಗವನ್ನಂತೂ ಪ್ರಾಥಮಿಕ ತರಗತಿಯ ರಂಗಕ್ಕೆ ತರಲೇಬಾರದು.

ಈ ಸೀಮೆಗೆ ಅನ್ಯಮತವೆಂಬುದು ಪತ್ರಿಕೆಯಲ್ಲಿ ಓದಿ ತಿಳಿಯುವ ಸಂಗತಿಯಲ್ಲ. ಕೃಷ್ಣರಾಜನಗರದ ಬಳಿಯ ಡೋರ್ನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರಕ್ಕೆ ಜೂನ್ ತಿಂಗಳ ಹಬ್ಬದಲ್ಲಿ ಹರಕೆ ಹೊತ್ತು ಹೋಗುವವರಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ 1961ರಿಂದ ಟಿಬೆಟಿನ ಬೌದ್ಧರು ನೆಲೆಸಿದ್ದಾರೆ. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ಅಸ್ತಿವಾರದ ಕಲ್ಲನ್ನು ಇಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ನೆರೆಯವನ ಮನೆಯ ಹಬ್ಬದ ಕಥೆಯನ್ನು ತಿಳಿದವನು ತನ್ನ ಮನೆಯ ಹಬ್ಬವನ್ನು ಮರೆಯುತ್ತಾನೆಂಬ ಭಯಕ್ಕೆ ಆಧಾರವಿಲ್ಲ.

ಮರೆವಿನ ಭಯ ನಿಜವಾಗಿ ಇರುವುದು ಬೇರೆ ಕಡೆ. ಕೋಳೂರ ಕೊಡಗೂಸಿನ ಕಥೆಯನ್ನು ಹರಿಹರನು ರಗಳೆಯಲ್ಲಿ ಹಾಡಿದನು. ಹಾಲಿನ ಬಟ್ಟಲು ಹಿಡಿದು ಶಿವನು ಕುಡಿಯಲಿಲ್ಲವೆಂದು ಅಳುವ ಆ ಹೆಣ್ಣುಮಗುವಿಗಿಂತ ಶಿಶುರಂಗಕ್ಕೆ ತಕ್ಕ ನಾಯಿಕೆ ಎಲ್ಲಿದ್ದಾಳೆ? ಆದರೂ ಅವಳನ್ನು ರಂಗದ ಮೇಲೆ ಕಾಣುವುದು ಅಪರೂಪ. ಬಾಲ ಬಸವಣ್ಣನ ಉಪನಯನ ನಿರಾಕರಣೆಯ ದೃಶ್ಯವನ್ನು ಬಸವ ಜಯಂತಿಗಳಲ್ಲಿ ಆಡಿಸುವುದುಂಟು; ಅದರಲ್ಲಿ ಮೂರು ನಾಲ್ಕು ಚುರುಕು ಮಕ್ಕಳಿಗೆ ಪಾತ್ರ, ಮಿಕ್ಕ ನಲವತ್ತು ಮಂದಿಗೆ ಚಪ್ಪಾಳೆಯ ಕೆಲಸ. ಕ್ರಿಸ್ತಜನನದ ರೂಪಕದಿಂದ ಕಲಿಯಬೇಕಾದ ದೊಡ್ಡ ಪಾಠ ಇದೇ: ಅಲ್ಲಿ ತರಗತಿಯ ಯಾವ ಮಗುವೂ ಹೊರಗುಳಿಯುವುದಿಲ್ಲ. ಮಾತು ಬಾರದವನು ಕುರಿಯಾಗುತ್ತಾನೆ, ಸಂಕೋಚದವಳು ನಕ್ಷತ್ರವಾಗಿ ಎತ್ತರದಲ್ಲಿ ನಿಲ್ಲುತ್ತಾಳೆ, ತೊದಲುವವನು ಗುಂಪಿನ ಹಾಡಿನಲ್ಲಿ ತೊದಲದೆ ಹಾಡುತ್ತಾನೆ. ಸಂಗೀತಗಾರ ಮೆನೊಟ್ಟಿ 1951ರಲ್ಲಿ ಅಮೆರಿಕದ ದೂರದರ್ಶನಕ್ಕಾಗಿ ರಚಿಸಿದ ಗೀತನಾಟಕದಲ್ಲಿ ಈ ಕಥೆಯೊಳಕ್ಕೆ ಊರುಗೋಲು ಹಿಡಿದ ಕುಂಟ ಹುಡುಗನೊಬ್ಬನನ್ನು ತಂದು, ಕೊಡಲು ಮತ್ತೇನೂ ಇಲ್ಲದ ಅವನಿಂದ ಆ ಊರುಗೋಲನ್ನೇ ಕಾಣಿಕೆಯಾಗಿ ಕೊಡಿಸಿದನು. ಎಲ್ಲರಿಗೂ ಎಡೆಯಿರುವ ಈ ಕಟ್ಟಡವನ್ನು ಅನುಭವ ಮಂಟಪಕ್ಕೆ ಅನ್ವಯಿಸಿದರೆ ಎಷ್ಟು ಪಾತ್ರಗಳು! ಮಡಿವಾಳ, ಅಂಬಿಗ, ಹಡಪದ, ಹಗ್ಗ ಹೊಸೆಯುವವನು, ಅಕ್ಕಿ ಆಯುವವಳು, ಒಬ್ಬೊಬ್ಬರ ಕೈಯಲ್ಲಿಯೂ ಒಂದೊಂದು ಕಾಯಕದ ಉಪಕರಣ, ಬಾಯಲ್ಲಿ ನಾಲ್ಕು ಸಾಲಿನ ಹಾಡು. ಡಿಸೆಂಬರಿನಲ್ಲಿ ಗೋದಲಿಯ ರೂಪಕವನ್ನು ಕಟ್ಟಿ ಕೈ ಪಳಗಿಸಿಕೊಂಡ ಉಪಾಧ್ಯಾಯರಿಗೆ ಮುಂದಿನ ಬಸವ ಜಯಂತಿಯ ವೇಳೆಗೆ ಇದು ಕಷ್ಟದ ಕೆಲಸವಾಗದು. ಮಠಗಳಿಗೆ ರಂಗಭೂಮಿ ಅಪರಿಚಿತವೂ ಅಲ್ಲ. ಸಾಣೇಹಳ್ಳಿಯ ಶಿವಸಂಚಾರ ತಂಡವು 1997ರಿಂದ ನಾಟಕಗಳನ್ನು ನಾಡಿನ ಊರೂರುಗಳಿಗೆ ಕೊಂಡೊಯ್ದಿದೆ.

ಕೆಲಸದ ವಿವರ ಹೆಚ್ಚಿಲ್ಲ. ಮುಕ್ಕಾಲು ಗಂಟೆಗೆ ಮೀರದ ರೂಪಕ. ಆರು ಹಾಡುಗಳು, ಅವುಗಳ ನಡುವೆ ಕಥೆ ಹೇಳಲು ಮೇಲಿನ ತರಗತಿಯ ಇಬ್ಬರು ಮಕ್ಕಳು. ಹಾರ್ಮೋನಿಯಂ ಒಂದು, ತಬಲಾ ಇದ್ದರೆ ಇರಲಿ. ದೇವದೂತರಿಗೆ ಬಿಳಿಯ ಪಂಚೆ. ತಂತಿಯ ರೆಕ್ಕೆಗಳು ಪಕ್ಕದ ಮಗುವಿನ ಕಣ್ಣಿಗೆ ಚುಚ್ಚುವುದಲ್ಲದೆ ಬೇರೆ ಪ್ರಯೋಜನವನ್ನು ಮಾಡುವುದಿಲ್ಲ. ಗೋದಲಿಯಲ್ಲಿ ಬಟ್ಟೆಯ ಬೊಂಬೆ ಸಾಕು. ಮಾಗಿಯ ಚಳಿಯಲ್ಲಿ ಯಾರದೋ ಹಸುಗೂಸನ್ನು ತಂದು ಮಲಗಿಸುವ ಉತ್ಸಾಹ ಬೇಡ. ಪ್ರದರ್ಶನವನ್ನು ಬೇಗನೆ ಮುಗಿಸಿದರೆ ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳು ಕತ್ತಲಾಗುವ ಮುನ್ನ ಮನೆ ಸೇರುತ್ತಾರೆ. ವೆಚ್ಚದ ಬಹುಪಾಲು ಮಕ್ಕಳಿಗೆ ಕೊಡುವ ಉಪಾಹಾರದ್ದಾಗಿರಲಿ. ದಾನಿಗಳು ಉಡುಪಿನ ಬಾಡಿಗೆಗಾಗಿ ಕೊಡುವ ಹಣವನ್ನು ಅದಕ್ಕೆ ತಿರುಗಿಸಬಹುದು. ಬರೆಯುವವರನ್ನು ಹೊರಗೆ ಹುಡುಕಬೇಕಾಗಿಲ್ಲ. ಪ್ರತಿಯೊಂದು ಪ್ರೌಢಶಾಲೆಯಲ್ಲಿಯೂ ಛಂದಸ್ಸನ್ನು ಕಲಿಸುವ ಒಬ್ಬ ಕನ್ನಡ ಉಪಾಧ್ಯಾಯರು ಇದ್ದಾರೆ. ಕರಿಹಲಗೆಯ ಮೇಲೆ ಪ್ರಸ್ತಾರ ಹಾಕಿ ಗಣ ವಿಂಗಡಿಸುವ ವಿದ್ಯೆ ಪರೀಕ್ಷೆಯ ಅಂಕಗಳಿಗಷ್ಟೇ ಮೀಸಲಾಗಿ ಸೊರಗುತ್ತಿದೆ. ಮಕ್ಕಳಿಗೆ ಕಲಿಸಲು ಎರಡು ತಿಂಗಳಾದರೂ ಬೇಕಾದುದರಿಂದ, ಡಿಸೆಂಬರಿನಲ್ಲಿ ಆಡಬೇಕಾದ ಆರು ಹಾಡುಗಳೂ ದಸರೆಯ ರಜೆ ಮುಗಿಯುವುದರೊಳಗೆ ಸಿದ್ಧವಾಗಿರಬ��ಕು.